ಹಳೆಯ ಶಿಕಾರಿ ರೈಫಲ್‌ಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿಯ ಪರವಾನಗಿದಾರರಿಗೆ ಸಮಗ್ರ ಮಾರ್ಗದರ್ಶಿ

ಟ್ರ್ಯಾಕ್ಟರ್ ಮಾರಲು ಹೊರಟರೆ ಸಂತೆಗೆ ಬಂದವರೆಲ್ಲ ಗಿರಾಕಿಗಳೇ. ರೈಫಲ್ ಹಾಗಲ್ಲ. ಅದನ್ನು ಕೊಳ್ಳಲು ಕೈಯಲ್ಲಿ ದುಡ್ಡಿದ್ದರೆ ಸಾಲದು. ಪರವಾನಗಿ ಇರಬೇಕು, ಆ ಪರವಾನಗಿಯಲ್ಲಿ ಇನ್ನೊಂದು ಆಯುಧಕ್ಕೆ ಜಾಗವಿರಬೇಕು, ಆ ಜಾಗವೂ ರೈಫಲ್‌ಗೆಂದೇ ಮಂಜೂರಾಗಿರಬೇಕು. ಔರಾದದಿಂದ ಸುರಪುರದವರೆಗೆ ವಿಚಾರಿಸಿದರೂ ಈ ಮೂರೂ ಇರುವ ಗಿರಾಕಿಗಳು ಹೆಚ್ಚು ಸಿಗುವುದಿಲ್ಲ. ಹಾಗಾಗಿ ಬೆಲೆ ಕಟ್ಟಲು ಕೂತವರು ನಳಿಗೆ, ಕಟ್ಟಿಗೆ, ಕಂಪನಿಯ ಹೆಸರು ನೋಡುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದನ್ನು ಕಾನೂನಿನ ಪ್ರಕಾರ ಯಾರು ಕೊಳ್ಳಬಹುದು?

ಇನ್ನೊಂದು ವಿಷಯವನ್ನೂ ಮೊದಲೇ ಹೇಳಬೇಕು. ನಾವು ರೂಢಿಯಲ್ಲಿ ‘ಶಿಕಾರಿ ರೈಫಲ್’ ಅನ್ನುತ್ತೇವೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಶಿಕಾರಿಗೆಂದು ರೈಫಲ್ ಕೊಳ್ಳುವವರು ಕಾನೂನಿನ ಲೆಕ್ಕದಲ್ಲಿ ಇಲ್ಲ. ಈಗಿನ ಗಿರಾಕಿ ಜೀವರಕ್ಷಣೆಗೆ ಕೊಳ್ಳುತ್ತಾನೆ, ಹೊಲಮನೆ ಕಾವಲಿಗೆ ಕೊಳ್ಳುತ್ತಾನೆ, ಇಲ್ಲವೇ ಗುರಿ ಅಭ್ಯಾಸಕ್ಕೆ. ಹೀಗಾಗಿ ‘ಮುನ್ನೂರು ಗಜ ದೂರದ ಜಿಂಕೆಯನ್ನು ಕೆಡವಿದ ಬಂದೂಕು’ ಎಂಬ ಮನೆತನದ ಕಥೆಗೆ ಒಂದು ರೂಪಾಯಿಯೂ ಏರುವುದಿಲ್ಲ. ಅದನ್ನು ಹೇಳದಿರುವುದೇ ಲೇಸು. ಗೋಡೆಯ ಮೇಲೆ ಕೃಷ್ಣಮೃಗದ ಕೊಂಬಿದ್ದರೆ ಅದನ್ನು ‘ಜೊತೆಗಿರಲಿ’ ಎಂದು ಕೊಡಬೇಡಿ; ಕೊಂಬಿನ ಮಾರಾಟ ಬೇರೆಯೇ ಅಪರಾಧ.

ಕಾಗದ ಸರಿಯಿದ್ದರೆ ಮಾತ್ರ ಬೆಲೆ

ಪರವಾನಗಿ ಪುಸ್ತಕ ತೆಗೆದು ಬೆಳಕಿನಲ್ಲಿ ಕೂತು, ಅದರಲ್ಲಿರುವುದನ್ನೂ ರೈಫಲ್ ಮೇಲೆ ಕೆತ್ತಿರುವುದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ), ಸರಣಿ ಸಂಖ್ಯೆ, ನವೀಕರಣದ ಕೊನೆಯ ದಿನ, ಪರವಾನಗಿ ಯಾವ ಪ್ರದೇಶಕ್ಕೆ ಚಾಲ್ತಿ ಎಂಬುದು, ರಾಷ್ಟ್ರೀಯ ದತ್ತಾಂಶದಲ್ಲಿ ನಿಮಗೆ ಕೊಟ್ಟಿರುವ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ, ಇವಿಷ್ಟೂ ತಾಳೆಯಾಗಬೇಕು. ಸಾಮಾನ್ಯವಾಗಿ ಎಡವುವುದು ಸರಣಿ ಸಂಖ್ಯೆಯಲ್ಲಿ. ಕೈಬರಹದ ಹಳೆಯ ಪುಸ್ತಕದಲ್ಲಿ 1 ಇದ್ದದ್ದು ನವೀಕರಣದ ಹೊತ್ತಿಗೆ 7 ಆಗಿರುತ್ತದೆ, ಸಂಖ್ಯೆಯ ಮುಂದಿನ ಇಂಗ್ಲಿಷ್ ಅಕ್ಷರ ಬಿಟ್ಟುಹೋಗಿರುತ್ತದೆ. ಈ ತಪ್ಪು ಇಟ್ಟುಕೊಂಡು ಗಿರಾಕಿಯ ಹತ್ತಿರ ಹೋದರೆ ಅವನು ಬೆಲೆ ಇಳಿಸುತ್ತಾನೆ, ಇಲ್ಲವೇ ಮಾತೇ ಮುರಿಯುತ್ತಾನೆ. ಮೊದಲು ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಿ, ಬೆಲೆಯ ಮಾತು ಆಮೇಲೆ.

ಯಾದಗಿರಿ ಕಡೆಯವರಿಗೆ ಒಂದು ವಿಶೇಷ ತೊಡಕಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಅದಕ್ಕೂ ಮೊದಲು ಶಹಾಪುರ, ಸುರಪುರ, ಯಾದಗಿರಿ ತಾಲೂಕಿನ ಪರವಾನಗಿಗಳು ಗುಲಬರ್ಗಾ ಜಿಲ್ಲಾಧಿಕಾರಿಗಳ ಮೊಹರಿನಲ್ಲಿ ಹೊರಟವು. ಮೂಲ ಕಡತ ಯಾವ ಕಚೇರಿಯಲ್ಲಿದೆ ಎಂದು ಮಾರಾಟಕ್ಕೆ ಮೊದಲೇ ವಿಚಾರಿಸಿ ಇಟ್ಟುಕೊಂಡರೆ ನಂತರದ ಓಡಾಟ ತಪ್ಪುತ್ತದೆ. ನಿಜಾಮರ ಕಾಲದಿಂದ ಮನೆಯಲ್ಲಿರುವ ಆಯುಧಕ್ಕೆ ಉರ್ದು ಕಾಗದವಿದ್ದರೆ ಅದರ ಪ್ರತಿಯನ್ನೂ ಅನುವಾದವನ್ನೂ ಕಡತಕ್ಕೆ ಸೇರಿಸಿ. ಆಯುಧ ಎಲ್ಲಿಂದ ಬಂತು ಎಂಬ ಸರಪಳಿ ತುಂಡಾಗದಿದ್ದರೆ ಗಿರಾಕಿಗೆ ಧೈರ್ಯ ಬರುತ್ತದೆ. ಕಲಬುರಗಿ ನಗರದವರು ತಮ್ಮ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೋ ಪೊಲೀಸ್ ಆಯುಕ್ತರ ಕಚೇರಿಗೋ ಎಂಬುದನ್ನು ಕೊನೆಯ ನವೀಕರಣದ ಮೊಹರು ನೋಡಿ ತಿಳಿದುಕೊಳ್ಳಿ.

ಮಾರುವವರ ಕೈ ಕಟ್ಟುವ ಸಂದರ್ಭಗಳೂ ಇವೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನೊಬ್ಬ ಇಟ್ಟುಕೊಳ್ಳಬಹುದಾದ ಬಂದೂಕುಗಳು ಎರಡೇ, ಮೊದಲು ಮೂರಿತ್ತು. ಮನೆತನದಿಂದ ಬಂದ ಆಯುಧಕ್ಕೂ ಇದೇ ಮಿತಿ. ಹಾಗಾಗಿ ಎರಡು ಆಗಲೇ ಇದ್ದವನು ಎಷ್ಟು ಆಸೆಪಟ್ಟರೂ ನಿಮ್ಮ ಗಿರಾಕಿಯಲ್ಲ. ಪರವಾನಗಿದಾರ ತೀರಿಕೊಂಡಿದ್ದರೆ ವಾರಸುದಾರರು ಆಯುಧವನ್ನು ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ಆಯುಧದಂಗಡಿಯಲ್ಲೋ ಜಮಾ ಮಾಡಬೇಕು. ಅಲ್ಲಿಂದ ಅದನ್ನು ಮಾರುವ ಹಕ್ಕಿದೆ, ಆದರೆ ನಿಗದಿತ ಅವಧಿಯೊಳಗೆ ಮಾರದೆ, ಬಿಡಿಸಿಕೊಳ್ಳದೆ ಬಿಟ್ಟರೆ ಸರ್ಕಾರಕ್ಕೆ ಜಪ್ತಿಯಾಗುತ್ತದೆ. ಈ ಗಡುವು ಗೊತ್ತಿರುವ ದಲಾಲರು ಕೊನೆಯ ವಾರದವರೆಗೆ ಕಾಯುತ್ತಾರೆ. ಜಮಾ ಮಾಡಿದ ದಿನವೇ ಬೆಲೆ ವಿಚಾರಿಸಲು ಶುರುಮಾಡುವುದೇ ಇದಕ್ಕೆ ಮದ್ದು.

ಯಾವ ರೈಫಲ್ ಎಂದು ಖಚಿತ ಮಾಡಿಕೊಳ್ಳಿ

ಪರೀಕ್ಷಿಸುವ ಮೊದಲು ಖಾಲಿ ಮಾಡಿ. ನಳಿಗೆಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು, ಮೊದಲು ಮ್ಯಾಗಜೀನ್ (ಕಾಡತೂಸು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಬೋಲ್ಟ್ (ಕಾಡತೂಸನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ, ಹಿಡಿಯಿರುವ ಕಬ್ಬಿಣದ ತುಂಡು) ಹಿಂದಕ್ಕೆ ಎಳೆಯಿರಿ. ಚೇಂಬರಿನಲ್ಲಿ, ಅಂದರೆ ನಳಿಗೆಯ ಬುಡದಲ್ಲಿ ಕಾಡತೂಸು ಕೂರುವ ಜಾಗದಲ್ಲಿ, ಏನೂ ಉಳಿದಿಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ಖಚಿತಪಡಿಸಿಕೊಳ್ಳಿ. ಈ ಅನುಕ್ರಮ ತಪ್ಪಬಾರದು: ಮ್ಯಾಗಜೀನ್ ಇದ್ದಾಗ ಬೋಲ್ಟ್ ಆಡಿಸಿದರೆ ಹೊಸ ಕಾಡತೂಸು ಒಳಗೆ ಹೋಗುತ್ತದೆ. ಕಾಡತೂಸುಗಳನ್ನು ಬೇರೆ ಕೋಣೆಯಲ್ಲಿಡಿ.

ನಮ್ಮ ಭಾಗದಲ್ಲಿ ಕೈಬದಲಾಗುವ ರೈಫಲ್‌ಗಳಲ್ಲಿ ಮುಖ್ಯವಾದದ್ದು .315 ಬೋರ್. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯದ್ದು, ಇಲ್ಲವೇ ಅದಕ್ಕೂ ಹಿಂದಿನ ಇಂಗ್ಲೆಂಡಿನ ಬಂದೂಕು ಕಂಪನಿ ಬಿಎಸ್‌ಎ. ಬ್ರಿಟಿಷರು ಸೈನ್ಯದ .303 ಕಾಡತೂಸು ಜನರ ಕೈಗೆ ಸಿಗಬಾರದೆಂದು ನಿರ್ಬಂಧಿಸಿದ್ದರಿಂದ ಈ ಬೋರ್ ನಮ್ಮ ದೇಶದಲ್ಲಿ ಬೇರೂರಿತು. ಇಲ್ಲೇ ಒಂದು ಅಪಾಯವೂ ಇದೆ. ಇಶಾಪುರದ .315 ಲೀ-ಎನ್‌ಫೀಲ್ಡ್ ಮಾದರಿಯದ್ದೇ; ಸೈನ್ಯದ .303 ಕೂಡ ಅದೇ ಮಾದರಿ. ದೂರದಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನಳಿಗೆಯ ಬುಡದ ಕೆತ್ತನೆ ಓದದೆ ‘ತ್ರೀ-ನಾಟ್-ತ್ರೀ ಇದೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಬೇಡ: .303 ನಿಷೇಧಿತ ಬೋರ್, ಅದರ ಪರವಾನಗಿ ಜಿಲ್ಲಾಮಟ್ಟದ್ದಲ್ಲ, ಕೇಂದ್ರ ಗೃಹ ಸಚಿವಾಲಯದ್ದು. ನಿಜವಾಗಿ .303 ಆಗಿದ್ದರೆ ಕೊಳ್ಳಬಲ್ಲವರ ಸಂಖ್ಯೆ ತೀರಾ ಕಡಿಮೆ, ಬೆಲೆಯ ಲೆಕ್ಕವೇ ಬೇರೆ. ಪುಸ್ತಕದಲ್ಲಿ ‘8 ಎಂಎಂ’ ಎಂದಿದ್ದು ರೈಫಲ್ ಮೇಲೆ ‘.315’ ಇದ್ದರೆ ಅದು ಒಂದೇ ಬೋರಿನ ಎರಡು ಬರವಣಿಗೆ. ಆದರೂ ಕಚೇರಿಯಲ್ಲಿ ಒಂದೇ ರೀತಿ ಬರೆಸಿಕೊಂಡರೆ ಒಳ್ಳೆಯದು.

.375, .405ರಂಥ ಹಳೆಯ ವಿದೇಶಿ ಬೋರ್‌ಗಳು ಜಹಗೀರುದಾರರ ಮನೆಗಳಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ನೋಡಲು ಚೆಂದ, ಕೆಲಸ ಅಪೂರ್ವ. ಆದರೆ ಕಾಡತೂಸು ಸುಲಭವಾಗಿ ಸಿಗದ ರೈಫಲ್ ಕೊಳ್ಳುವವನು ಸಂಗ್ರಹದ ಹುಚ್ಚಿರುವವನೇ ಆಗಿರಬೇಕು. ಅಂಥವನು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಸಿಕ್ಕರೆ ಕೇಳಿದ್ದಷ್ಟು ಕೊಡುತ್ತಾನೆ, ಸಿಗದಿದ್ದರೆ.315ಗಿಂತ ಕಡಿಮೆಗೆ ಹೋಗುತ್ತದೆ. ನಡುವಿನ ಬೆಲೆ ಎಂಬುದೇ ಇಲ್ಲಿಲ್ಲ. ಜನಸಾಮಾನ್ಯರಿಗೆ ಬಂದೂಕಿನ ಆಮದು 1980ರ ದಶಕದಿಂದ ಹೆಚ್ಚುಕಡಿಮೆ ನಿಂತುಹೋಗಿರುವುದರಿಂದ ಒಳ್ಳೆಯ ಸ್ಥಿತಿಯ ವಿದೇಶಿ ರೈಫಲ್ ಹಳತಾದಷ್ಟೂ ಅಗ್ಗವಾಗುತ್ತದೆ ಎಂಬ ನಿಯಮವೂ ನಡೆಯುವುದಿಲ್ಲ.

ಸ್ಥಿತಿ ನೋಡುವುದು: ನಳಿಗೆಗೆ ಅರ್ಧ ಅಂಕ

ನೂರು ಅಂಕ ಕೊಡುವುದಾದರೆ ನಳಿಗೆಗೆ ಐವತ್ತು, ಬೋಲ್ಟ್ ಮತ್ತು ಅದು ಓಡಾಡುವ ಕಬ್ಬಿಣದ ಗೂಡಿಗೆ ಮೂವತ್ತು, ಉಳಿದದ್ದಕ್ಕೆಲ್ಲ ಸೇರಿ ಇಪ್ಪತ್ತು. ಕಾರಣ ಸರಳ: ಕಟ್ಟಿಗೆ ಸೀಳಿದರೆ ಅಂಟಿಸಬಹುದು, ಸ್ಪ್ರಿಂಗ್ ಸೋತರೆ ಬದಲಿಸಬಹುದು, ನಳಿಗೆ ಹಾಳಾದರೆ ಬದಲಿಸುವ ಖರ್ಚು ಮತ್ತು ಅನುಮತಿಯ ಓಡಾಟ ಎರಡೂ ರೈಫಲ್‌ನ ಬೆಲೆಯನ್ನು ತಿಂದುಹಾಕುತ್ತವೆ.

ನೋಡುವ ಮೊದಲು ನಳಿಗೆ ತೊಳೆಯಬೇಕು. ಎಣ್ಣೆ ತುಂಬಿದ ನಳಿಗೆ ಎಷ್ಟೇ ಹಾಳಾಗಿದ್ದರೂ ಮಿರಿಮಿರಿ ಹೊಳೆಯುತ್ತದೆ, ಮೋಸ ಮಾಡುವವರು ಮೊದಲು ಮಾಡುವುದೇ ಇದನ್ನು. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಬೋಲ್ಟ್ ಹೊರಬರುತ್ತದೆ. ಹಿಂಬದಿಯಿಂದ, ಅಂದರೆ ಚೇಂಬರಿನ ಕಡೆಯಿಂದ, ಕ್ಲೀನಿಂಗ್ ರಾಡಿಗೆ ಸಾಲ್ವೆಂಟ್ ಹಾಕಿದ ಹತ್ತಿ ಬಟ್ಟೆಯ ತುಂಡು ಸಿಕ್ಕಿಸಿ ಐದಾರು ಸಲ ಓಡಿಸಿ. ಹತ್ತು ನಿಮಿಷ ಬಿಟ್ಟು ಬ್ರಷ್ ಹಾಕಿ, ನಂತರ ಒಣ ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಒರೆಸಿ. ಆಮೇಲೆ ನಳಿಗೆಯ ಬಾಯಿಯ ಮುಂದೆ ಬಿಳಿ ಹಾಳೆ ಹಿಡಿದು, ಹಿಂದಿನಿಂದ ನೋಡಿ.

ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳ ಅಂಚು ಚೂಪಾಗಿ, ಬುಡದಿಂದ ಬಾಯಿಯವರೆಗೆ ಒಂದೇ ಸಮ ಕಾಣಬೇಕು. ಚೇಂಬರಿನ ಮುಂದಿನ ಮೂರ್ನಾಲ್ಕು ಇಂಚಿನಲ್ಲಿ ಅಂಚು ಮಾಸಿದ್ದರೆ ಹೆಚ್ಚು ಹೊಡೆದ ರೈಫಲ್. ಬಾಯಿಯ ಹತ್ತಿರ ಮಾತ್ರ ಮಾಸಿದ್ದರೆ ಹೊಡೆದದ್ದಕ್ಕಿಂತ ಹೆಚ್ಚಾಗಿ ಮುಂದಿನಿಂದ ಸಲಾಕೆ ಹಾಕಿ ಉಜ್ಜಿ ಹಾಳುಮಾಡಿದ್ದಾರೆ. ಗುರಿ ಕೆಡುವುದು ಇದರಿಂದಲೇ ಹೆಚ್ಚು. ಕಪ್ಪು ಚುಕ್ಕೆಗಳಂತೆ ಗುಳಿಗಳಿದ್ದರೆ ಜಂಗು ಒಳಕ್ಕೆ ಇಳಿದಿದೆ ಎಂದರ್ಥ. ಹಳೆಯ ಕಾಡತೂಸುಗಳ ಪ್ರೈಮರ್ (ಬುಡದಲ್ಲಿರುವ, ಕಿಡಿ ಹೊತ್ತಿಸುವ ಮದ್ದು) ಹೊತ್ತಿಕೊಂಡ ಮೇಲೆ ಉಪ್ಪಿನಂಥ ಪದಾರ್ಥವನ್ನು ನಳಿಗೆಯಲ್ಲಿ ಬಿಡುತ್ತಿತ್ತು, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿನೀರಿನಲ್ಲಿ ಕರಗುತ್ತದೆ. ಹೊಡೆದ ಮೇಲೆ ಬರೀ ಎಣ್ಣೆ ಸವರಿ ಇಟ್ಟ ರೈಫಲ್‌ಗಳಲ್ಲಿ ಗುಳಿ ಬಿದ್ದಿರುವುದು ಹೀಗೆ. ಗುಳಿ ಅಲ್ಲೊಂದು ಇಲ್ಲೊಂದಿದ್ದು ಗೆರೆಗಳ ಅಂಚು ಗಟ್ಟಿಯಿದ್ದರೆ ರೈಫಲ್ ಇನ್ನೂ ಕೆಲಸಕ್ಕೆ ಬರುತ್ತದೆ.

ನಳಿಗೆಯೊಳಗೆ ಉಂಗುರದಂಥ ಕಪ್ಪು ನೆರಳು ಕಂಡರೆ ಅಲ್ಲಿಗೆ ನಿಲ್ಲಿಸಿ. ಅಡ್ಡಿ ಇದ್ದಾಗ ಗುಂಡು ಹಾರಿ ನಳಿಗೆ ಒಳಗಿನಿಂದ ಉಬ್ಬಿದೆ. ಹೊರಗಿನಿಂದ ಬೆರಳಾಡಿಸಿದರೂ ಕೆಲವೊಮ್ಮೆ ಉಬ್ಬು ತಿಳಿಯುತ್ತದೆ. ಇಂಥ ರೈಫಲ್‌ಗೆ ಬೆಲೆ ಕಟ್ಟಬೇಡಿ, ಮಾರಲೂ ಬೇಡಿ.

ಬೋಲ್ಟಿನ ಹಿಡಿಯ ಮೇಲೆ ಕೆತ್ತಿದ ಸಂಖ್ಯೆಯೂ ಗೂಡಿನ ಸಂಖ್ಯೆಯೂ ಒಂದೇ ಇದ್ದರೆ ಬೆಲೆ ನಿಲ್ಲುತ್ತದೆ. ಬೇರೆ ಬೇರೆ ಇದ್ದರೆ ಯಾವುದೋ ಹೊತ್ತಿನಲ್ಲಿ ಬೋಲ್ಟ್ ಬದಲಾಗಿದೆ. ಆಗ ಕಾಡತೂಸಿನ ಬುಡ ಮತ್ತು ಬೋಲ್ಟ್ ಮುಖದ ನಡುವಿನ ಸಂದು ಸರಿಯಿದೆಯೇ ಎಂದು ಗೇಜ್ ಇಟ್ಟು ನೋಡಲೇಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ, ಪರವಾನಗಿ ಇರುವ ಆಯುಧದಂಗಡಿಯ ಮಿಸ್ತ್ರಿಯದ್ದು. ಆದರೆ ಒಂದು ಸುಳಿವು ನಿಮಗೂ ಸಿಗುತ್ತದೆ. ಹಿಂದೆ ಹೊಡೆದ ಖಾಲಿ ಕೊಳವೆಗಳಿದ್ದರೆ ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ ಇದೆಯೇ ನೋಡಿ. ಇದ್ದರೆ ಸಂದು ಹೆಚ್ಚಾಗಿದೆ, ಹಿತ್ತಾಳೆ ಅಲ್ಲಿ ಹಿಗ್ಗಿ ತೆಳುವಾಗಿದೆ, ಮುಂದೊಂದು ದಿನ ಅಲ್ಲೇ ಹರಿಯುತ್ತದೆ. ಇದನ್ನು ಮುಚ್ಚಿಟ್ಟು ಮಾರುವುದು ಕೊಂಡವನ ಕಣ್ಣಿನ ಹತ್ತಿರ ಅಪಾಯ ಇಟ್ಟ ಹಾಗೆ.

ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಆಮೇಲೆ ಬೆರಳು ತೆಗೆದು ಸೇಫ್ಟಿ ಇಳಿಸಿ: ಆ ಹೊತ್ತಿಗೆ ಟಕ್ ಎಂದರೆ ಸೇಫ್ಟಿ ಸವೆದಿದೆ. ಬೋಲ್ಟ್ ಮುಚ್ಚಿ ರೈಫಲ್‌ನ ಹಿಂಬದಿಯನ್ನು ದಪ್ಪ ಗೋಣಿಚೀಲದ ಮೇಲೆ ಮೆಲ್ಲಗೆ ಕುಟ್ಟಿದಾಗ ತಾನಾಗಿಯೇ ಬಿಟ್ಟುಕೊಂಡರೆ ಅದು ಗಂಭೀರ ದೋಷ. ಇವೆಲ್ಲ ಖಾಲಿ ರೈಫಲ್‌ನಲ್ಲಿ ಮಾತ್ರ. ಹೊಲದಲ್ಲಿ ಒಂದೆರಡು ಗುಂಡು ಹಾರಿಸಿ ತೋರಿಸುವ ವಾಡಿಕೆ ಬಿಡಿ. ಗುರಿ ತೋರಿಸಬೇಕಿದ್ದರೆ ಮಾನ್ಯತೆ ಇರುವ ಶೂಟಿಂಗ್ ರೇಂಜ್ ಇದೆ. ಗಿರಾಕಿಗೆ ‘ಒಯ್ದು ನೋಡಿ’ ಎಂದು ಒಂದು ರಾತ್ರಿಗೆ ಕೊಡುವುದಂತೂ ಕೊಟ್ಟವನಿಗೂ ಒಯ್ದವನಿಗೂ ಕೇಸು.

ಕಟ್ಟಿಗೆಯ ವಿಷಯದಲ್ಲಿ ನಮ್ಮ ಹವೆಯನ್ನು ಮರೆಯುವಂತಿಲ್ಲ. ಮೇ ತಿಂಗಳ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಸಡಿಲ ಕಟ್ಟಿಗೆಯಲ್ಲಿ ಹೊಡೆದಾಗ ಗೂಡಿನ ಹಿಂದೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಅದನ್ನು ನೋಡಲು ಬಿರುಕಿನ ಎರಡೂ ಬದಿ ಹೆಬ್ಬೆರಳಿನಿಂದ ಒತ್ತಿ: ಎಣ್ಣೆ ಜಿನುಗಿದರೆ ಅಥವಾ ಗೆರೆ ಅಗಲವಾದರೆ ಆಳದ್ದು. ಒಣಗಿದ ಕಟ್ಟಿಗೆಗೆ ಕುದಿಸಿದ ಅಗಸಿ ಎಣ್ಣೆ ಸರಿಯಾದ ಮದ್ದು, ತೆಳುವಾಗಿ ಕೈಯಿಂದ ಉಜ್ಜಿ ಒಂದು ದಿನ ಒಣಗಲು ಬಿಡಬೇಕು. ಅಡುಗೆಯ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ಬಳಿದರೆ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಬೋಲ್ಟಿಗೆ ಹಾಕಿದ್ದರೆ ಚಳಿಗಾಲದ ಬೆಳಗ್ಗೆ ಬೋಲ್ಟ್ ಎಳೆಯುವುದೇ ಕಷ್ಟ.

ಚುನಾವಣೆಗೆಂದು ಠಾಣೆಯಲ್ಲಿ ಜಮಾ ಮಾಡಿದ್ದ ರೈಫಲ್‌ಗಳನ್ನು ಇನ್ನೂ ಸೂಕ್ಷ್ಮವಾಗಿ ನೋಡಿ. ತಿಂಗಳುಗಟ್ಟಲೆ ಗೋಡೆಗೆ ಒರಗಿಸಿಟ್ಟಾಗ ಗೋಡೆಗೆ ತಾಗಿದ ಕಡೆ, ಕಟ್ಟಿಗೆಯೊಳಗೆ ನಳಿಗೆ ಕೂತ ಕಡೆ ಜಂಗು ಹಿಡಿದಿರುತ್ತದೆ. ಮೇಲಿನ ಕಟ್ಟಿಗೆ ಬಿಚ್ಚದೆ ಅದು ಕಾಣುವುದಿಲ್ಲ.

ಮಾರುವ ಮೊದಲು ಮಾಡಬಾರದ್ದು

ಹೊಳೆಯಲೆಂದು ಬಫ್ ಹೊಡೆಸುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಹಳೆಯ ನೀಲಿ-ಕಪ್ಪು ಬಣ್ಣ ಮಾಸಿದ್ದರೂ ಅದು ಮೂಲದ್ದು ಎಂಬ ನಂಬಿಕೆಗೆ ಬೆಲೆಯಿದೆ. ಬಫ್ ಚಕ್ರ ತಯಾರಕರ ಗುರುತನ್ನೂ ಸರಣಿ ಸಂಖ್ಯೆಯನ್ನೂ ಸವೆಸಿದರೆ ಬೆಲೆ ಹೋಗುವುದು ಒಂದು ಕಡೆ, ಗುರುತು ಅಳಿದ ಆಯುಧ ಇಟ್ಟುಕೊಂಡದ್ದಕ್ಕೆ ಆಯುಧ ಕಾಯ್ದೆಯ ತೊಂದರೆ ಇನ್ನೊಂದು ಕಡೆ. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ರೈಫಲ್ ಕೂಡ ಇದೇ ಸಾಲಿಗೆ: ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ. ದುರ್ಬೀನು ಕೂರಿಸಲೆಂದು ಹೊಸ ತೂತು ಕೊರೆಸಬೇಡಿ. ಬಿಎಸ್‌ಎಯಂಥ ಹಳೆಯ ರೈಫಲ್‌ನಲ್ಲಿ ಆ ತೂತು ಕಳೆಯುವ ದುಡ್ಡು ದುರ್ಬೀನಿನ ಬೆಲೆಗಿಂತ ಹೆಚ್ಚಾದೀತು.

ಲೆಕ್ಕ

ಈಗಲೂ ತಯಾರಾಗುವ .315ಕ್ಕೆ ಲೆಕ್ಕದ ಬುಡ ಹೊಸದರ ದರ. ಕಾರ್ಖಾನೆಯ ಪಟ್ಟಿಯ ದರವಷ್ಟೇ ಸಾಲದು; ತೆರಿಗೆ, ಅಂಗಡಿಯವನ ಲಾಭ, ತರಿಸುವ ಖರ್ಚು ಸೇರಿ ಗಿರಾಕಿಯ ಕೈಗೆ ಬೀಳುವಾಗ ಎಷ್ಟಾಗುತ್ತದೆಯೋ ಅದು. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ ಏಳು ಕಂಪನಿಗಳಾಗಿ ಒಡೆದ ಮೇಲೆ ಇಶಾಪುರದ ರೈಫಲ್‌ಗಳು ಕಾನ್ಪುರ ಮೂಲದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಹೆಸರಿನಲ್ಲಿ ಬರುತ್ತವೆ. ಹಳೆಯ ಮಂಡಳಿಯ ಕಾಲದ ದರಪಟ್ಟಿ ಇಟ್ಟುಕೊಂಡು ವಾದಿಸುವವರ ಮಾತು ಕೇಳಬೇಡಿ. ಕನಿಷ್ಠ ಮೂರು ಅಂಗಡಿಗಳಲ್ಲಿ ಕೇಳಿ. ಬೀದರಿನವರಿಗೆ ಹೈದರಾಬಾದು, ಕಲಬುರಗಿಯವರಿಗೆ ಸೊಲ್ಲಾಪುರ ಮತ್ತು ಹೈದರಾಬಾದು, ಎಲ್ಲರಿಗೂ ಬೆಂಗಳೂರು. ಕೇಳಲು ಫೋನ್ ಸಾಕು. ರೈಫಲ್ ಹೊತ್ತುಕೊಂಡು ರಾಜ್ಯದ ಗಡಿ ದಾಟಬೇಕಾದರೆ ನಿಮ್ಮ ಪರವಾನಗಿ ಆ ರಾಜ್ಯಕ್ಕೂ ಚಾಲ್ತಿಯಿರಬೇಕು; ಬರೀ ಕರ್ನಾಟಕಕ್ಕೆಂದಿದ್ದರೆ ಮೊದಲು ಅನುಮತಿ.

ಹೊಸದರ ದರ ಸಿಕ್ಕ ಮೇಲೆ ನಳಿಗೆ ಮತ್ತು ಬೋಲ್ಟ್ ಎರಡನ್ನೇ ನೋಡಿ ಶೇಕಡಾವಾರು ಹಾಕಿ. ಎರಡೂ ಹೊಸದರಂತಿದ್ದರೆ 75ರಿಂದ 80. ಗೆರೆ ಗಟ್ಟಿ, ಅಲ್ಪಸ್ವಲ್ಪ ಸವೆತ ಅಥವಾ ಚುಕ್ಕೆ, ಸಂಖ್ಯೆಗಳು ಕೂಡುತ್ತವೆ ಎಂದರೆ 55ರಿಂದ 70. ಗುಳಿಗಳು ಢಾಳಾಗಿ ಕಾಣುತ್ತವೆ, ಆದರೆ ಬೋಲ್ಟ್ ಸುರಕ್ಷಿತ ಎಂದು ಮಿಸ್ತ್ರಿ ಹೇಳಿದ್ದಾನೆ ಎಂದರೆ 35ರಿಂದ 50. ಅದಕ್ಕಿಂತ ಕೆಳಗಿದ್ದರೆ ಗಿರಾಕಿ ಹುಡುಕುವುದಕ್ಕಿಂತ ಪರವಾನಗಿ ಅಂಗಡಿಗೆ ಕೊಡುವುದೋ ಠಾಣೆಗೆ ಒಪ್ಪಿಸುವುದೋ ವಾಸಿ. ಇದು ಕಾಯ್ದೆಯಲ್ಲ, ಮಾತು ಶುರುಮಾಡುವ ಜಾಗ. ಶೇಕಡಾವಾರಿನಲ್ಲಿ ಕಟ್ಟಿಗೆ, ಸ್ಪ್ರಿಂಗ್, ಬಣ್ಣ ಸೇರಿಸಬೇಡಿ. ಅವುಗಳ ರಿಪೇರಿ ಖರ್ಚನ್ನು ಆಮೇಲೆ ಬೇರೆಯಾಗಿ ಕಳೆಯುತ್ತೀರಿ. ಎರಡೂ ಕಡೆ ಕಳೆದರೆ ಒಂದೇ ದೋಷಕ್ಕೆ ಎರಡು ಸಲ ದಂಡ ಕಟ್ಟಿದ ಹಾಗೆ. ಜಾಣ ಗಿರಾಕಿ ಮಾಡಲು ನೋಡುವುದೂ ಅದನ್ನೇ.

ಲೆಕ್ಕ ತಿಳಿಯಲೆಂದು ಹೊಸದು ಕೈಗೆ ಬೀಳುವ ದರ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮದು ಎರಡನೆಯ ದರ್ಜೆ, ಶೇ. 65 ಹಾಕಿದಿರಿ: 65,000. ಖಾಲಿ ಕೊಳವೆ ಎಳೆಯುವ ಕೊಂಡಿ ಮತ್ತು ಮ್ಯಾಗಜೀನ್ ಸ್ಪ್ರಿಂಗ್ ಬದಲಿಸಲು ಮಿಸ್ತ್ರಿ 4,000 ಹೇಳಿದ್ದಾನೆ, ಕಟ್ಟಿಗೆಯ ಬಿರುಕಿಗೆ 2,500. ಕಳೆದರೆ 58,500. ಗಟ್ಟಿಯಿರುವ ಚರ್ಮದ ಚೀಲಕ್ಕೆ ಒಂದು ಸಾವಿರ ಕೂಡಿಸಿ: 59,500. ಈಗ ಗಿರಾಕಿಗಳ ಲೆಕ್ಕ. ಎರಡು ಮೂರು ಅರ್ಹ ಗಿರಾಕಿಗಳು ಕೇಳುತ್ತಿದ್ದರೆ ಇಲ್ಲೇ ನಿಲ್ಲಿ. ಒಬ್ಬನೇ ಇದ್ದು, ನಿಮ್ಮ ನವೀಕರಣದ ದಿನವೂ ಹತ್ತಿರ ಬಂದಿದ್ದರೆ ಶೇ. 10 ಬಿಡಬೇಕಾದೀತು: 5,950 ಹೋಗಿ 53,550. ಅಂದರೆ ನ್ಯಾಯವಾದ ಬೆಲೆ 53,000ದಿಂದ 60,000ದ ನಡುವೆ ಎಲ್ಲೋ ಇದೆ. 62,000 ಎಂದು ಬಾಯಿಬಿಟ್ಟರೆ ಚೌಕಾಶಿಗೆ ಜಾಗ ಉಳಿಯುತ್ತದೆ. 80,000 ಎಂದರೆ ಇದ್ದೊಬ್ಬ ಗಿರಾಕಿ ಹೊಸದಕ್ಕೆ ದುಡ್ಡು ಕೂಡಿಸಲು ಹೊರಡುತ್ತಾನೆ.

ದುರ್ಬೀನು ಇದ್ದರೆ ಬೇರೆಯೇ ಬೆಲೆ ಹಾಕಿ, ಗಿರಾಕಿಗೆ ಬೇಡವೆಂದರೆ ತೆಗೆದಿಟ್ಟುಕೊಳ್ಳಿ. ಉಳಿದ ಕಾಡತೂಸುಗಳಿಗೆ ಬೆಲೆಯೇ ಹಾಕಬೇಡಿ. ಕಿಲುಬು ಹಿಡಿದವು, ಯಾವ ವರ್ಷದವೆಂದು ಗೊತ್ತಿಲ್ಲದವು ಹೊಡೆಯಲು ಯೋಗ್ಯವಲ್ಲ. ಚೆನ್ನಾಗಿರುವವನ್ನೂ ಮಾರಾಟಕ್ಕೆ ಮೊದಲು ಕೊಡುವ ಲಿಖಿತ ಮಾಹಿತಿಯಲ್ಲಿ ಸೇರಿಸಿ, ಇಬ್ಬರ ಪರವಾನಗಿ ಪುಸ್ತಕದಲ್ಲೂ ನಮೂದಿಸಿಯೇ ಕೊಡಬೇಕು; ‘ಇರಲಿ ತೊಗೊಳ್ರಿ’ ಎಂದು ಜೇಬಿಗೆ ಹಾಕುವ ಸಾಮಾನಲ್ಲ ಅದು.

ಅಂಗಡಿಗೋ, ನೇರ ಗಿರಾಕಿಗೋ?

ಅಂಗಡಿಯವನು ಕಡಿಮೆ ಹೇಳುತ್ತಾನೆ, ಅದು ಮೋಸವಲ್ಲ. ಅವನ ದುಡ್ಡು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುತ್ತದೆ, ದಾಸ್ತಾನು ಪುಸ್ತಕ, ತಪಾಸಣೆ, ರಿಪೇರಿ ಎಲ್ಲ ಅವನ ತಲೆಯ ಮೇಲೆ. ಮೇಲಿನ ಉದಾಹರಣೆಯ ರೈಫಲ್‌ಗೆ 42,000ದಿಂದ 46,000 ಹೇಳಿದರೆ ಸಿಟ್ಟಾಗುವ ಕಾರಣವಿಲ್ಲ. ಮೂರು ಅಂಗಡಿಗಳು ಹೇಳಿದ್ದರಲ್ಲಿ ಹೆಚ್ಚಿನದೇ ನಿಮ್ಮ ತಳಬೆಲೆ. ಅದಕ್ಕಿಂತ ಕೆಳಗೆ ನೇರ ಗಿರಾಕಿಗೆ ಕೊಡುವುದರಲ್ಲಿ ಅರ್ಥವಿಲ್ಲ. ‘ಮಾರಾಟವಾದ ಮೇಲೆ ದುಡ್ಡು’ ಎಂದು ಅಂಗಡಿಯಲ್ಲಿ ಇಡುವ ಪದ್ಧತಿಯೂ ಇದೆ. ಇಟ್ಟರೆ ಕಮಿಷನ್ ಎಷ್ಟು, ಎಷ್ಟು ತಿಂಗಳು, ಅಷ್ಟರಲ್ಲಿ ಹೋಗದಿದ್ದರೆ ಇಟ್ಟ ಬಾಡಿಗೆ ಯಾರದ್ದು ಎಂಬುದನ್ನು ರಸೀದಿಯ ಹಿಂದೆಯೇ ಬರೆಸಿಕೊಳ್ಳಿ. ಪರವಾನಗಿಯಿಲ್ಲದ ಮಧ್ಯವರ್ತಿ ‘ನಾನು ಗಿರಾಕಿ ತರುತ್ತೇನೆ, ರೈಫಲ್ ಕೊಟ್ಟಿರಿ’ ಎಂದರೆ ಚಹಾ ಕುಡಿಸಿ ಕಳಿಸಿ.

45 ದಿನ ಮತ್ತು ಇಸಾರ

1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಸ್ವಂತ ಉಪಯೋಗದ ಆಯುಧವನ್ನು ಇನ್ನೊಬ್ಬ ಪರವಾನಗಿದಾರನಿಗೆ ಮಾರಬಹುದು. ಆದರೆ ಮಾರುವ ಉದ್ದೇಶವನ್ನೂ ಕೊಳ್ಳುವವನ ಹೆಸರು, ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಈ 45 ದಿನಗಳಲ್ಲೇ ವ್ಯವಹಾರಗಳು ಮುರಿಯುವುದು. ಗಿರಾಕಿ ಮನಸ್ಸು ಬದಲಿಸುತ್ತಾನೆ, ಬೇರೆ ರೈಫಲ್ ಸಿಗುತ್ತದೆ, ಅವನಿಗೆ ಪರವಾನಗಿಯಲ್ಲಿ ಖರೀದಿಗೆ ಕೊಟ್ಟಿದ್ದ ಗಡುವು ಮುಗಿಯುತ್ತದೆ. ಅರ್ಜಿ ಕೊಡುವ ಮೊದಲೇ ಅವನ ಪುಸ್ತಕ ಕೇಳಿ ನೋಡಿ: ಖರೀದಿಯ ಕೊನೆಯ ದಿನ 45 ದಿನಗಳ ಆಚೆ ಇರಬೇಕು, ಎರಡು ತಿಂಗಳ ಆಚೆಯಿದ್ದರೆ ಇನ್ನೂ ವಾಸಿ. ಚುನಾವಣೆ ಎದುರಿಗಿದ್ದರೆ ನೀತಿಸಂಹಿತೆಯ ಹೊತ್ತಿನಲ್ಲಿ ಆಯುಧ ಶಾಖೆಗೆ ಜಮೆಯ ಕೆಲಸವೇ ರಾಶಿ; ನಿಮ್ಮ ಕಡತ ಹಿಂದಕ್ಕೆ ಬೀಳುತ್ತದೆ. ಆ ತಿಂಗಳುಗಳನ್ನು ಬಿಟ್ಟು ಯೋಜನೆ ಹಾಕಿ.

ಇಸಾರ ತೆಗೆದುಕೊಳ್ಳುವುದಾದರೆ ಶೇ. 10ರ ಆಸುಪಾಸು ಸಾಕು, ಅದೂ ಬ್ಯಾಂಕ್ ಮೂಲಕ. ಕರಾರು ಒಂದು ಪುಟದಲ್ಲಿರಲಿ: ಎರಡೂ ಪರವಾನಗಿ ಸಂಖ್ಯೆ, ರೈಫಲ್‌ನ ಸರಣಿ ಸಂಖ್ಯೆ, ಒಪ್ಪಿದ ಬೆಲೆ, ಇಬ್ಬರೂ ಸೇರಿ ನೋಡಿದ ದೋಷಗಳ ಪಟ್ಟಿ, ಕಚೇರಿ ಒಪ್ಪದಿದ್ದರೆ ಇಸಾರ ಪೂರ್ತಿ ವಾಪಸ್, ಗಿರಾಕಿ ಹಿಂದೆ ಸರಿದರೆ ಎಷ್ಟು ಮುರಿದುಕೊಳ್ಳುತ್ತೀರಿ. ದೋಷಗಳ ಪಟ್ಟಿಗೆ ಇಬ್ಬರ ಸಹಿ ಬಿದ್ದರೆ ಕೊನೆಯ ದಿನ ‘ಈ ಬಿರುಕು ಆಗ ಇರಲಿಲ್ಲ’ ಎಂಬ ಜಗಳ ಹುಟ್ಟುವುದಿಲ್ಲ. ಅಪರೂಪದ ವಿದೇಶಿ ರೈಫಲ್ ಆಗಿ ಬೆಲೆ 2 ಲಕ್ಷ ಮುಟ್ಟಿದರೆ ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ.

ಕೊನೆಯ ದಿನ ಕಾಡತೂಸಿಲ್ಲದ ರೈಫಲ್, ಎರಡೂ ಪರವಾನಗಿ ಪುಸ್ತಕ, ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಕಚೇರಿಯಿಂದ ಬಂದ ಪತ್ರವಿದ್ದರೆ ಅದನ್ನೂ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಪರವಾನಗಿ ಕಚೇರಿಗೆ ಹೋಗಿ. ದುಡ್ಡು ಖಾತೆಗೆ ಬಿದ್ದ ಮೇಲೆ ರೈಫಲ್ ಕೈ ಬದಲಾಗಲಿ. ನಿಮ್ಮ ಪುಸ್ತಕದಲ್ಲಿ ಆ ಸರಣಿ ಸಂಖ್ಯೆಯ ಮುಂದೆ ‘ಮಾರಾಟವಾಗಿದೆ’ ಎಂಬ ನಮೂದು, ಗಿರಾಕಿಯ ಪುಸ್ತಕದಲ್ಲಿ ಹೊಸ ನಮೂದು, ಎರಡಕ್ಕೂ ಮೊಹರು ಬಿದ್ದದ್ದನ್ನು ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ವಾರ ಬಿಟ್ಟು ಆಯುಧ ಶಾಖೆಗೆ ಹೋಗಿ ಯುಐಎನ್ ದಾಖಲೆಯಲ್ಲೂ ರೈಫಲ್ ನಿಮ್ಮ ಹೆಸರಿನಿಂದ ಇಳಿದಿದೆಯೇ ಕೇಳಿ; ಇಳಿಯದಿದ್ದರೆ ಮುಂದಿನ ನವೀಕರಣದಲ್ಲಿ ಇಲ್ಲದ ರೈಫಲ್ ತೋರಿಸಿ ಎನ್ನುತ್ತಾರೆ.